ಸಾಕು

ಕೆಂಡಲ್ ಊರಿನ ಮೇಲಿನ ಗುಡ್ಡದ ದೊಡ್ಡಿಯಲ್ಲಿ
ಎಡ್ವಿನ್ ಥ್ರೆಲ್ಕೆಲ್ಡ್ ಹೇಳಿದ್ದು ಇಷ್ಟೇ:
'ಇವಳಿಗೆ ಕುರಿ ಕಂಡರೆ ಭಯ. ಕರೆದೊಯ್ಯಿರಿ.'
ಒಂದು ವರ್ಷದ ಕಾಲಿ. ಹೆಸರು ನೆಲ್.
ಮನೆ ಮುಟ್ಟುವ ಹೊತ್ತಿಗೆ ನಮ್ಮ ನಾಲಿಗೆ
ಬಾಲಕ್ಕೊಂದು ಉಕಾರ ಕಟ್ಟಿ
ನೆಲ್ಲು ಮಾಡಿತ್ತು.
ಕಪ್ಪು ಬಿಳಿ ಕೂದಲಿನ ಭತ್ತ.

ಮೊದಲ ವಾರ ಅವಳು ಕಾದದ್ದು ಬಟ್ಟೆ ಒಗೆಯುವ ಯಂತ್ರವನ್ನು.
ಗಾಜಿನ ಕಿಂಡಿಯೊಳಗೆ ಸುತ್ತುವ ಅಂಗಿಗಳ ಹಿಂಡು
ತಪ್ಪಿಸಿಕೊಳ್ಳದಂತೆ, ಹೊಟ್ಟೆ ನೆಲಕ್ಕೆ ಹಚ್ಚಿ,
ರೆಪ್ಪೆ ಬಡಿಯದೆ.
ಆಮೇಲೆ ಅಂಚೆಯವನ ಸೈಕಲ್ಲು.
ಆಮೇಲೆ ನಾವು.

ಮನೆಯಲ್ಲಿ ಮೂವರು, ಮೂರು ಗಡಿಯಾರ.
ನನಗೆ ಆಸ್ಪತ್ರೆಯ ರಾತ್ರಿ ಪಾಳಿ,
ಬೀರೇಶ ಓಡಿಸುವುದು ನಸುಕಿನ ಮೊದಲ ಬಸ್ಸು,
ಮೈನಾಳಿಗೆ ಆಗ ಏಳು, ಅವಳದು ಅವಳದೇ ಪಾಳಿ.
ನೆಲ್ಲುವಿಗೆ ಇದು ಸರಿಬರಲಿಲ್ಲ.
ನನ್ನ ಮೀನಖಂಡಕ್ಕೆ ಒದ್ದೆ ಮೂಗು ಒತ್ತಿ ಅಡುಗೆಮನೆಯಿಂದ ಹೊರಡಿಸಿ,
ಮೈನಾಳ ಕಾಲುಚೀಲ ಕಚ್ಚಿ ಮೆಟ್ಟಿಲಿಳಿಸಿ,
ಮೂರು ತಲೆ ಒಂದೇ ಕೋಣೆಗೆ ಬಂದ ಮೇಲೆ
ಬಾಗಿಲಿಗೆ ಅಡ್ಡ ಬಿದ್ದು
ಬುಸ್ಸೆಂದು ಉಸಿರು ಬಿಡುವಳು.

ಸಾಕುವುದೆಂದರೆ ಬಹುಪಾಲು ಕೂದಲು.
ರೊಟ್ಟಿ ಹಿಟ್ಟಿನಲ್ಲಿ, ಯೂನಿಫಾರ್ಮಿನಲ್ಲಿ, ಒಮ್ಮೆ
ರೋಗಿಯೊಬ್ಬರ ಬ್ಯಾಂಡೇಜಿನ ಅಂಟಿನಲ್ಲಿ.
(ಯಾರಿಗೂ ಹೇಳಿಲ್ಲ.)
ಪಾಳಿ ಮುಗಿಸಿ ಬಂದ ಕಾಲಲ್ಲೇ, ಹಿಮ ಕಚ್ಚಿದ ಹುಲ್ಲಿನ ಮೇಲೆ,
ಕೆಂಟ್ ನದಿಯ ದಂಡೆಗೆ ಚೆಂಡು ಎಸೆಯಲು ಹೋಗುವುದು.
ಕುರಿಯ ಉಣ್ಣೆ ಒಲ್ಲೆನೆಂದವಳ ಕಿವಿಯ ಹಿಂದೆ
ಇನ್ನೊಂದು ಬಗೆಯ ಉಣ್ಣೆ, ನೆತ್ತರು ಕುಡಿದು ಕಡಲೆಯಾದದ್ದು.
ಅದನ್ನು ತಿರುವಿ ಕೀಳುವುದು ಬೀರೇಶನೇ.
ಅವನ ಮುತ್ತಜ್ಜ ಶಿರಾ ಕಡೆಯ ಬಯಲಲ್ಲಿ ಕುರಿ ಕಾಯ್ದವನು.
ಆ ಬೆರಳು ಎಲ್ಲಿಂದ ಬಂತೆಂದು
ನಾವು ಮಾತಾಡಿಲ್ಲ.

ಎಡ್ವಿನ್ ಬರೆದುಕೊಟ್ಟ ಅಪ್ಪಣೆಗಳಿದ್ದವು:
ಎಡದಿಂದ ಸುತ್ತಲು ಒಂದು, ಬಲದಿಂದ ಸುತ್ತಲು ಒಂದು,
ಕೆಲಸ ಮುಗಿಯಿತು ಬಾ ಎನ್ನಲು ಒಂದು.
ಕೊನೆಯದು ನನ್ನ ಬಾಯಿಗೆ ಹತ್ತಲಿಲ್ಲ.
ಸಾಕು, ಅಂದೆ.
ಓಡುತ್ತಿದ್ದವಳು ನಿಂತಳು,
ಬಂದು ನನ್ನ ಬೂಟಿನ ಮೇಲೆ ಗದ್ದ ಇಟ್ಟಳು.
ಸಾಕು ಎಂದರೆ ನಿಲ್ಲಿಸು. ಸಾಕು ಎಂದರೆ ಸಲಹು.
ಯಾವುದು ಕೇಳಿಸಿತೋ.

ಒಂದು ಫೆಬ್ರವರಿ, ಬೀರೇಶ ತನ್ನ ದಿಂಬೆತ್ತಿಕೊಂಡು
ಮೇಲಿನ ಚಿಕ್ಕ ಕೋಣೆಗೆ ಹೋದ.
ಜಗಳ ಯಾತಕ್ಕೆಂದರೆ ಈಗ ಬಾಯ್ಲರ್ ಕೆಟ್ಟಿತ್ತು ಎನ್ನುತ್ತೇವೆ.
ಬಾಯ್ಲರ್ ಅಲ್ಲ.
ನೆಲ್ಲು ಹನ್ನೊಂದು ರಾತ್ರಿ ಮೆಟ್ಟಿಲ ತಿರುವಿನಲ್ಲಿ ಮಲಗಿದಳು,
ಮೇಲಕ್ಕೊಂದು ಕಿವಿ, ಕೆಳಕ್ಕೊಂದು ಕಿವಿ.
ಅನ್ನ ಮುಟ್ಟಲಿಲ್ಲ.
ಹನ್ನೆರಡನೆಯ ದಿನ ಪಶುವೈದ್ಯೆಯ ಹತ್ತಿರ
ಇಬ್ಬರೂ ಒಂದೇ ಕಾರಿನಲ್ಲಿ ಹೋಗಬೇಕಾಯಿತು.
ಹಿಂದಿನ ಸೀಟಿನಿಂದ ನಮ್ಮ ಭುಜಗಳ ನಡುವೆ ಮೂತಿ ತೂರಿಸಿ
ದಾರಿಯುದ್ದಕ್ಕೂ ಗೊರಕೆ.
'ಇವಳಿಗೆ ಏನೂ ಆಗಿಲ್ಲ,' ಎಂದಳು ವೈದ್ಯೆ.
ಅರವತ್ತೆರಡು ಪೌಂಡು.
ಮೊದಲು ನಕ್ಕವನು ಬೀರೇಶ.

ಈಗ ನೆಲ್ಲುವಿಗೆ ಹದಿಮೂರು. ಸೊಂಟ ಹಿಡಿದಿದೆ,
ಗುಳಿಗೆಯನ್ನು ಬೆಣ್ಣೆಯಲ್ಲಿ ಅಡಗಿಸಿದರೆ ಬೆಣ್ಣೆ ಮಾತ್ರ ತಿನ್ನುತ್ತಾಳೆ.
ಕಿವಿ ಪೂರ್ತಿ ಹೋಗಿದೆ.
ಟಾರ್ಚು ಮಿನುಗಿಸಿದರೆ ಬಾ ಎಂದು,
ಹಲಗೆಯ ನೆಲ ಕುಟ್ಟಿದರೆ ಇತ್ತ ನೋಡು ಎಂದು.
ಮೈನಾ ಲೀಡ್ಸಿನಲ್ಲಿ ಓದುತ್ತಾಳೆ.
ದಿನವೂ ಸಂಜೆ ಲೆಕ್ಕ ತಪ್ಪುತ್ತದೆ.
ನಮ್ಮಿಬ್ಬರನ್ನೂ ಮೂಸಿ, ಮೂರನೆಯದು ಸಿಗದೆ,
ಮೇಲೆ ಹೋಗಿ ಖಾಲಿ ಹಾಸಿಗೆ ಮೂಸಿ,
ಇಳಿದು ಬಂದು, ಮತ್ತೆ ಮೊದಲಿಂದ.

'ಸಾಕು' ಎಂಬುದಕ್ಕೊಂದು ಸನ್ನೆ ಕಲಿಸು,
ಪಾಪ, ದಣಿಯುತ್ತಾಳೆ, ಎನ್ನುತ್ತಾನೆ ಬೀರೇಶ.
ಅಂಗೈ ಹೀಗೆ ಕೆಳಗೆ ಮಾಡಿದರಾಯಿತು.
ನಾಳೆ, ಎನ್ನುತ್ತೇನೆ.
ಮೆಟ್ಟಿಲ ಮೇಲೆ ಉಗುರಿನ ಸದ್ದು, ನಿಧಾನ,
ಒಂದು ಕಾಲು ತಡವಾಗಿ.
ಹದಿನಾಲ್ಕು ಮೆಟ್ಟಿಲು.
ನಾನೂ ಎಣಿಸುತ್ತೇನೆ.