ಹದಿನೇಳನೇ ಮನೆಯ ಇಪ್ಪತ್ತಾರು ಗಂಟೆ

ಬೊಕೆಯಿಂದ ಬಂದರಿನ ಕಡೆಗೆ ಹಳಿ ಇಳಿಯುವಲ್ಲಿ
ಊರೆಂದರೆ ಊರು: ನಲವತ್ತು ಮನೆ, ಒಂದು ಕೈಪಂಪು,
ಗೋಡಂಬಿ ಎಲೆಗಳ ಮೇಲೆ ಒರೆಸಿದರೂ ಹೋಗದ ಕೆಂಪು.
ನಾನು ಕೆರ್ಫಲ್ಲಾ. ಕಸುಬು, ಪ್ರಶ್ನೆ ಕೇಳುವುದು.
ಪ್ರಶ್ನೆ ನನ್ನದಲ್ಲ, ಟ್ರೋಂಡ್‌ಹೈಮಿನ ಸಿಗ್ರುನ್ ಮೇಡಂ ಅವರದು.
ಫ್ರೆಂಚಿನಲ್ಲಿ ಬರುತ್ತದೆ, ಸುಸುವಿನಲ್ಲಿ ಕೇಳುತ್ತೇನೆ,
ಅಂಕಿಯಾಗಿ ಹೋಗುತ್ತದೆ.
ಫಾರಮಿಗೆ ಹದಿನೈದು ಸಾವಿರ ಫ್ರಾಂಕ್.
ಚಪ್ಪಲಿ ನನ್ನದು.

ಹದಿನೇಳನೇ ಮನೆ ಎಂಬಾಲಿಯಾಳದು.
ಸೌದೆ ತರಲು ಎಷ್ಟು ಹೊತ್ತು?
"ರೈಲು ತುಂಬಿ ಇಳಿಯುವಾಗ ಹೊರಟರೆ
ಅದು ಖಾಲಿ ಹತ್ತಿ ಬರುವಾಗ ಮನೆ ಸೇರುತ್ತೇನೆ."
ಬರೆದೆ: ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ನೂರಾ ಇಪ್ಪತ್ತು ಬೋಗಿಯ ಗಡಿಯಾರ ಇದು;
ಕೀಲಿ ಕೊಡುವವರನ್ನು ನಾವು ಯಾರೂ ಕಂಡಿಲ್ಲ.

ಈ ಮಣ್ಣು ಕಡಲು ದಾಟಿ, ಯಾವುದೋ ಹಿಮದ ನಾಡಿನಲ್ಲಿ
ಜಲಪಾತದ ಬಿಸಿಯಲ್ಲಿ ಬೆಂದು ಬೆಳ್ಳಗಾಗುತ್ತದಂತೆ.
ಮೇಡಂ ಒಮ್ಮೆ ಫೋನಿನಲ್ಲಿ ಅಂದರು:
"ಅಲ್ಯೂಮಿನಿಯಂ ಅಂದರೆ ಹೆಪ್ಪುಗಟ್ಟಿದ ಕರೆಂಟು, ಕೆರ್ಫಲ್ಲಾ."
ಹೌದು ಅನ್ನುವಷ್ಟರಲ್ಲಿ ಫೋನು ಸತ್ತಿತು.
ಚಾರ್ಜಿಗೆ ಗಣಿಯ ಗೇಟಿನವರೆಗೆ ಮೂರು ಮೈಲಿ,
ಕಾವಲಿನವನಿಗೆ ಎರಡು ಸಿಗರೇಟು.

ಎಂಬಾಲಿಯಾಳ ಒಲೆಯ ಮೇಲಿನ ಪಾತ್ರೆ
ಸತ್ತ ಲಾರಿಯ ಎಂಜಿನ್ನು ಕರಗಿಸಿ ಮರಳಿನಲ್ಲಿ ಎರಕ ಹೊಯ್ದದ್ದು.
ಇಲ್ಲಿಂದ ಹೋದ ಮಣ್ಣೇ ಇರಬಹುದು ಅದರಲ್ಲಿ.
ಅವಳೂ ಗುರುತಿಸಲಿಲ್ಲ, ಅದೂ ಗುರುತಿಸಲಿಲ್ಲ.

ಎರಡು ತಿಂಗಳ ಮೇಲೆ ಮೇಲ್ ಬಂತು:
"ಹದಿನೇಳನೇ ಮನೆಯ ದಿನ ಇಪ್ಪತ್ತಾರು ಗಂಟೆಯಾಗಿದೆ.
ದಯವಿಟ್ಟು ತಪ್ಪು ಹುಡುಕಿ."

ತಪ್ಪಿಲ್ಲ ಮೇಡಂ, ಎಂದು ಬರೆದೆ.
ತಲೆಯ ಮೇಲೆ ಸೌದೆ, ಬೆನ್ನಿಗೆ ಮಗು,
ಸೆರಗಿನ ಗಂಟಿನಿಂದ ಶೇಂಗಾ ತೆಗೆದು
ನಡೆಯುತ್ತ ನಡೆಯುತ್ತ ಸುಲಿಯುತ್ತಾಳೆ.
ಒಂದು ಗಂಟೆಯೊಳಗೆ ಮೂರು ಗಂಟೆ ಇಟ್ಟವಳು ಅವಳು,
ಬೇರೆ ಬೇರೆ ಕೇಳಿದವರು ನೀವು.

"ಅರ್ಥವಾಗುತ್ತದೆ," ಉತ್ತರ ಬಂತು. ನಿಜಕ್ಕೂ ಆಗಿತ್ತು ಅನಿಸುತ್ತದೆ;
ಒಳ್ಳೆಯ ಹೆಂಗಸು, ಮಳೆಗಾಲದಲ್ಲೂ ಬಂದು ಹೋಗಿದ್ದರು.
"ಆದರೆ ಮಾದರಿ ಇಪ್ಪತ್ನಾಲ್ಕರ ಮೇಲೆ ಒಪ್ಪುವುದಿಲ್ಲ.
ಪ್ರತಿ ಸಾಲಿನಿಂದಲೂ ಸಮಪಾಲು ಇಳಿಸಿದ್ದೇನೆ."
ಸಮಪಾಲು! ಕೂತು ಗುಣಿಸಿ ನೋಡಿದೆ.
ನಿದ್ದೆಯ ಐದೂವರೆ ಗಂಟೆಯಿಂದ
ಇಪ್ಪತ್ತೈದು ನಿಮಿಷ ಹೋಗಿತ್ತು.

ಹೇಳಲು ಹೋದೆ. ಎಂಬಾಲಿಯಾ ಮೀನಿಗೆ ಹೊಗೆ ಕೊಡುತ್ತಿದ್ದಳು,
ಕಣ್ಣು ಒರೆಸಿಕೊಂಡು ಬಹಳ ಹೊತ್ತು ನಕ್ಕಳು.
"ಎರಡು ಗಂಟೆ ಬೇಕಿದ್ದರೆ ಒಯ್ಯಲಿ ಬಿಡು,
ಒಯ್ಯುವವರು ಕೇಳಿದ್ದು ಇದೇ ಮೊದಲು.
ಬೇಕಾದರೆ ನೀರಿನದ್ದು ತೆಗೆಯಲಿ. ಅತ್ತೆಯ ಕಾಲು ಒತ್ತುವುದನ್ನೂ ತೆಗೆಯಲಿ.
ನಿದ್ದೆಗೆ ಮಾತ್ರ ಕೈ ಹಾಕಬೇಡ ಅನ್ನು."

ಅದನ್ನೆಲ್ಲ ಫ್ರೆಂಚಿಗೆ ತಿರುಗಿಸಿ ಕಳಿಸಿದೆ.
ರಾತ್ರಿ ಏಳರಿಂದ ಹನ್ನೊಂದು, ಟಾರ್ಚಿನ ಬೆಳಕಿನಲ್ಲಿ.
ಆ ನಾಲ್ಕು ಗಂಟೆ ಯಾವ ಕೋಷ್ಟಕದಲ್ಲೂ ಇಲ್ಲ:
ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಪ್ರಬಂಧ ಅಚ್ಚಾಗಿ ಬಂದಿದೆ.
ನಾಲ್ಕನೇ ಚಿತ್ರದಲ್ಲಿ ದಕ್ಷಿಣದಿಂದ ಉತ್ತರಕ್ಕೆ
ನನ್ನ ಹೆಬ್ಬೆರಳಿಗಿಂತ ದಪ್ಪ ಬಾಣ, ಒಳಗೆ ದುಡಿಮೆಯ ಕೋಟಿ ಗಂಟೆಗಳು;
ಈ ಕಡೆಗೆ ಮರಳುವ ಬಾಣ ಒಂದು ಕೂದಲು.
ಸುಳ್ಳಲ್ಲ. ಇಷ್ಟು ಸರಿಯಾಗಿ ಯಾರೂ ಬರೆದಿರಲಿಲ್ಲ.
ನ್ಯಾಯ ಎಂಬ ಮಾತು ಒಂಬತ್ತು ಸಲ ಬಂದಿದೆ, ಎಣಿಸಿದೆ.
ಹನ್ನೊಂದನೇ ಅಡಿಟಿಪ್ಪಣಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ:
"ಒಬ್ಬರ ಸಮಯ ಒಂದರ ಮೇಲೊಂದು ಬಿದ್ದಿದ್ದರಿಂದ ಸರಿಪಡಿಸಲಾಗಿದೆ."

ಅವಳಿಗೆ ಓದಿ ಹೇಳಿದೆ. ಸರಿಪಡಿಸುವುದಕ್ಕೆ ನಮ್ಮಲ್ಲಿ
ಮುರಿದ ಮೂಳೆ ಕೂಡಿಸುವ ಮಾತೊಂದೇ ಇರುವುದು,
ಅದನ್ನೇ ಅಂದೆ.
"ಯಾರ ಮೂಳೆ ಮುರಿಯಿತು?" ಅಂದಳು.

ಅಷ್ಟರಲ್ಲಿ ನೆಲ ನಡುಗಿತು. ರೈಲು ತುಂಬಿ ಇಳಿಯುತ್ತಿತ್ತು.
ಮಗುವನ್ನು ಬೆನ್ನಿಗೆ ಬಿಗಿದು, ಹಗ್ಗ ಹುಡುಕಿ,
ಶೇಂಗಾ ಗಂಟನ್ನು ಒಮ್ಮೆ ಮುಟ್ಟಿ ನೋಡಿ
ಅವಳು ಹೊರಟಳು.