ಎಂಟು ಪಿನ್ನು

ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಘಾಟಿ ಹತ್ತಿ ಬಂದಿದೆ ಡಬ್ಬಿ,
ಹರಿದ ಬಲೆಯ ತುಂಡು ಸುತ್ತಿಕೊಂಡು.
ಆನಂದರಾವ್ ಸರ್ಕಲ್ಲಿನ ಪಾರ್ಸೆಲ್ ಹುಡುಗ
ಎರಡೇ ಬೆರಳಲ್ಲಿ ಎತ್ತಿ ಕೊಟ್ಟ:
"ಏನಕ್ಕಾ, ಒಣಮೀನಾ?"
"ಅಲ್ಲಪ್ಪ, ರೇಡಿಯೊ."
ನಂಬಲಿಲ್ಲ.

ಎಸ್.ಪಿ. ರೋಡಿನ ಎರಡನೇ ಮಹಡಿ, ಮೆಟ್ಟಿಲ ತಿರುವಿನಲ್ಲಿ
ಮೂರಡಿಗೆ ಆರಡಿ ನನ್ನ ಅಂಗಡಿ.
ಕೆಳಗೆ ಚಾರ್ಜರ್ ಮಾರುವವರ ಕೂಗು.
ಸಮುದ್ರಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿ ಕೂತು
ಮೈಕಿನ ಕನೆಕ್ಟರ್ ಬಿಚ್ಚುತ್ತೇನೆ.

ಉದುರುತ್ತದೆ ಉಪ್ಪು,
ಒಲೆಯ ಬೂದಿಯಂತೆ, ಉಗುರಿನ ಸಂದಿಗೂ.
ಐದು ಪಿನ್ನಿಗೆ ಕಿಲುಬು,
ಅಟ್ಟದ ಮೇಲೆ ಮರೆತ ತಾಮ್ರದ ಚೊಂಬಿನ ಹಸಿರು.
ಆರನೆಯದು ಮುಟ್ಟುವ ಮುಂಚೆಯೇ ಮುರಿಯಿತು.
ಎಂಟನೆಯದು ಹೊಸದರಂತಿದೆ, ಯಾಕೋ.
ಏಳನೆಯದಕ್ಕೆ ಬೆಸುಗೆಯೇ ಇಲ್ಲ:
ತಂತಿಯನ್ನು ಸುಮ್ಮನೆ ಹೊಸೆದು ಸುತ್ತಿ
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಬಿಗಿದಿದ್ದಾರೆ.

ಬೈಯೋಣ ಅಂತ ಬಾಯಿ ತೆರೆದೆ.
ಭೂತಗನ್ನಡಿ ಇಳಿಸಿದರೆ
ತಂತಿಯ ಕೆಂಪು ಸಿಪ್ಪೆಯ ಮೇಲೆ ಹಲ್ಲಿನ ಗುರುತು.
ಒಂದು, ಎರಡು, ನಡುವೆ ಖಾಲಿ, ಮತ್ತೊಂದು.
ಯಾವನೋ ಕತ್ತಲಲ್ಲಿ, ದೋಣಿ ಹೊಯ್ದಾಡುವಾಗ,
ಕಚ್ಚಿ ಸುಲಿದಿದ್ದಾನೆ.
ಮುಂದಿನ ಹಲ್ಲೊಂದು ಇಲ್ಲದವನು.

ದೂರವಾಣಿನಗರದ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ
ಅರವತ್ತು ಹೆಂಗಸರ ಸಾಲಿನಲ್ಲಿ ಕೂತು
ಟೆಲಿಫೋನಿಗೆ ಬೆಸುಗೆ ಹಾಕಿದವಳು ನಾನು.
ಸ್ಟೆಲ್ಲಾ ಮೇಡಂ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು:
"ಪಿನ್ನನ್ನ ಕಾಯಿಸ್ರೀ, ತವರಾನ ಅಲ್ಲ.
ಪಿನ್ನು ಕಾದ್ರೆ ಅದು ತಾನೇ ಬರುತ್ತೆ, ಕರೀಬೇಡಿ."
ತಣ್ಣನೆ ಕೂತ ಬೆಸುಗೆಗೆ ಬೂದು ಬಣ್ಣ.
ನೋಡಲು ಗಟ್ಟಿ, ಅಲುಗಾಡಿಸಿದರೆ ಸುಳ್ಳು.
ಅಂಥವನ್ನು ಹುಡುಕಿ ಕೀಳುವುದರಲ್ಲೇ
ಕಳೆದವು ಎಷ್ಟೋ ಮಧ್ಯಾಹ್ನ.

ತಂತಿ ಕತ್ತರಿಸುತ್ತೇನೆ. ಒಳಗೆ ಕಪ್ಪು.
ಇನ್ನೊಂದು ಬೆರಳಗಲ. ಕಪ್ಪೇ.
ಸಿಪ್ಪೆಯ ಒಳಗೊಳಗೇ ಏರಿದೆ ಸಮುದ್ರ,
ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ.
ನಾಲ್ಕನೇ ಸಲಕ್ಕೆ ತಾಮ್ರ ಕಣ್ಣು ಬಿಟ್ಟಿತು.
ರಾಳದ ಹೊಗೆ. ಉಸಿರು ಹಿಡಿ. ಒಂದು, ಎರಡು,
ತವರ ನೀರಾಗಿ ಒಳಗಿಳಿದು ನಿಂತು
ಹೊಳೆಯಿತು.
ಹೀಗೆ ಎಂಟು ಸಲ.
ಮಧ್ಯೆ ಒಮ್ಮೆ ಕರೆಂಟು ಹೋಯಿತು, ಟೀ ಕುಡಿದೆ.

ಊರಲ್ಲಿ ಇದನ್ನು ಗಾಳಿಗೆ ಬಿಡುವಂತಿಲ್ಲ.
ಆಂಟೆನಾದ ಜಾಗಕ್ಕೆ ಡಮ್ಮಿ ಲೋಡ್ ಸಿಕ್ಕಿಸಿ
ಗುಂಡಿ ಒತ್ತುತ್ತೇನೆ.
"ಹಲೋ, ಹಲೋ, ಜಲದುರ್ಗೆ, ಕೇಳಿಸ್ತಿದೆಯಾ?"
ಯಾರಿಗೂ ಕೇಳಿಸುವುದಿಲ್ಲ, ಕೇಳಿಸಬಾರದು.
ಮಾತೆಲ್ಲ ಅದರೊಳಗೆ ಶಾಖವಾಗಿ ಮುಗಿಯುತ್ತದೆ.
ಬೆರಳಿಟ್ಟೆ. ಬೆಚ್ಚಗಿತ್ತು.
ಇನ್ನೊಂದು ಸಲ ಹಲೋ ಅಂದೆ,
ಅಗತ್ಯವಿರಲಿಲ್ಲ.

ಮಲ್ಪೆಯ ಕರ್ಕೇರರಿಗೆ ಫೋನು ಹಚ್ಚಿದೆ:
ಎಂಟುನೂರೈವತ್ತು, ಪಾರ್ಸೆಲ್ ಬೇರೆ.
ಆಮೇಲೆ ಕೇಳಿದೆ, ತಂತಿ ಕಚ್ಚಿದ್ದು ಯಾರು?
ನಕ್ಕರು. "ಅದು ನಮ್ಮ ಅಡುಗೆಯ ಹುಡುಗ ಮಾರಾಯ್ರೆ,
ಒಡಿಶಾದವ. ಇಂಜಿನ್ ಕೈಕೊಟ್ಟ ರಾತ್ರಿ
ಅದರಲ್ಲೇ ಬೇರೆ ಬೋಟಿನವರನ್ನ ಕರೆದದ್ದು ನಾವು."

ಕತ್ತರಿಸಿದ ಆ ತುಂಡನ್ನು
ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಇಟ್ಟುಕೊಂಡಿದ್ದೇನೆ.
ಸ್ಟೆಲ್ಲಾ ಮೇಡಂ ಇದ್ದಿದ್ದರೆ
ಇದಕ್ಕೆ ಎಷ್ಟು ಮಾರ್ಕು ಕೊಡುತ್ತಿದ್ದರೋ.
ರೇಡಿಯೊ ಜೊತೆ ತಂತಿ ಸುಲಿಯುವ ಇಕ್ಕಳವೊಂದನ್ನು ಕಟ್ಟಿದೆ,
ಬಿಲ್ಲಿಗೆ ಸೇರಿಸದೆ.

ಸಂಜೆ ಬಸ್ಸಿನಲ್ಲಿ ಪಕ್ಕದ ಹುಡುಗಿ
ಮೂಗಿಗೆ ದುಪಟ್ಟಾ ಹಿಡಿದು ಕಿಟಕಿಗೆ ಸರಿದಳು.
ಕಾರ್ಪೊರೇಷನ್ ದಾಟಿದ ಮೇಲೆ
ನಾನೂ ಒಮ್ಮೆ ಕೈ ಮೂಸಿ ನೋಡಿಕೊಂಡೆ.