ಬೆರಳಿನ ಜಾಗ

ಎಲ್ಮ್ ಹಿಲ್ಲಿನ ಉರುಟುಗಲ್ಲುಗಳ ಮೇಲೆ, ಹಿಮ ಗಟ್ಟಿಯಾದ ವಾರ,
ಜಾರಿ ಬಿದ್ದವರು ಹನ್ನೊಂದು ಮಂದಿ.
ಒಂಬತ್ತನೆಯವರು ಐವರ್ ಲಾರ್ವುಡ್, ಎಪ್ಪತ್ನಾಲ್ಕು,
ಬಲ ಮಣಿಕಟ್ಟು.
ನಾರಿಚ್ಚಿನ ಆಸ್ಪತ್ರೆಯಲ್ಲಿ ನಾನು ಕೈ ರಿಪೇರಿಯವಳು.
ಹೆಬ್ಬೆರಳು ಎಷ್ಟು ಡಿಗ್ರಿ ಬಾಗುತ್ತದೆ, ಹಿಡಿತ ಎಷ್ಟು ಕಿಲೋ,
ಅಂಗಿಗುಂಡಿ ಹಾಕಲು ಬರುತ್ತದೋ ಇಲ್ಲವೋ
ಬರೆದಿಡುವುದು ಕಸುಬು.

"ಗುಂಡಿ ಹಾಳಾಗಲಿ. ಈ ಹೆಬ್ಬೆರಳು
ಅಂಗೈಯೊಳಕ್ಕೆ ನುಸುಳಬೇಕು, ಬೆರಳುಗಳ ಅಡಿಗೆ, ಹೀಗೆ..."
ನುಸುಳಲಿಲ್ಲ.
ಯಾತಕ್ಕೆ ಎಂದೆ. ಲ್ಯೂಟಿಗೆ ಎಂದರು.
ನನ್ನ ಕಿವಿಗೆ ಲೂಟಿ ಎಂದು ಬಿದ್ದು
'ಹವ್ಯಾಸ' ಎಂಬ ಖಾನೆಯ ಮೇಲೆ ಪೆನ್ನು ನಿಂತಿತು.

ಮೂರನೇ ವಾರ ಪೆಟ್ಟಿಗೆ ತಂದರು, ಕೂಸನ್ನು ತಂದಂತೆ.
ಸೀಳಿದ ಸೋರೆಬುರುಡೆಯ ಬೆನ್ನು,
ಕತ್ತು ಮುರಿದು ಹಿಂದಕ್ಕೆ ವಾಲಿದ ತಲೆ.
"ಇದನ್ನೂ ನಾನೇ ನೋಡಬೇಕೇ?"
ನಕ್ಕರು. ಮೂವತ್ತೊಂದು ವರ್ಷ ಸಾಸಿವೆ ಕಾರ್ಖಾನೆಯಲ್ಲಿ
ಮಷೀನು ಬಿಚ್ಚಿ ಜೋಡಿಸಿದವರು.
ನಿವೃತ್ತಿಯ ದುಡ್ಡಿನಲ್ಲಿ ಮಾಡಿಸಿದ್ದಂತೆ ಇದು:
ಯೂ ಮರದ ಹನ್ನೊಂದು ಪಟ್ಟಿ, ಹಪ್ಪಳದಷ್ಟು ತೆಳು.
ತಂತಿ ಕುರಿಗರುಳಿನದು, ಮೆಟ್ಟಿಲೂ ಕರುಳಿನದೇ,
ಕತ್ತಿಗೆ ಸುತ್ತಿ ಗಂಟು ಹಾಕಿದ್ದು.
"ಗಾಳಿಯಲ್ಲಿ ನೀರಿದ್ದರೆ ಮೊದಲು ಇದಕ್ಕೆ ಗೊತ್ತಾಗುತ್ತದೆ,
ಆಮೇಲೆ ನನ್ನ ಮಣಿಕಟ್ಟಿಗೆ."

ಶ್ರುತಿ ಹಿಡಿದರು. ಹದಿಮೂರು ಬಿರಡೆ;
ಒಂದು ಒಪ್ಪಿದರೆ ಇನ್ನೊಂದು ಮುನಿಸು,
ಅದನ್ನು ರಮಿಸಿ ಬರುವಷ್ಟರಲ್ಲಿ ಮೊದಲಿನದಕ್ಕೆ ಮರೆವು.
ನನ್ನಲ್ಲಿ ಒಬ್ಬೊಬ್ಬರಿಗೆ ಅರ್ಧ ಗಂಟೆ;
ಇಪ್ಪತ್ತೆರಡು ನಿಮಿಷ ಅದರಲ್ಲೇ ಹೋಯಿತು.

ಹಾಳೆಯ ಮೇಲೆ ಆರು ಗೆರೆ. ಗೆರೆಗಳ ಮೇಲೆ ಅಕ್ಷರ,
ಒಂದನೇ ಕ್ಲಾಸಿನ ಮಗು ಸಾಲು ತಪ್ಪಿ ಬರೆದ ಹಾಗೆ.
ಇದು ಯಾವ ಸ್ವರ ಎಂದೆ.
"ಸ್ವರ ಬರೆದಿಲ್ಲ. ಬೆರಳು ಎಲ್ಲಿ ಎಂದಷ್ಟೇ ಬರೆದಿದೆ.
ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ತೋರುಬೆರಳು. ಇಲ್ಲದಿದ್ದರೆ ಹೆಬ್ಬೆರಳು."

ಸುಮ್ಮನೆ ಕೂತೆ.
ಹದಿನೆಂಟು ವರ್ಷದಿಂದ ನಾನು ಬರೆಯುತ್ತಿರುವುದೂ
ಇದೇ ತಾನೇ: ಉಂಗುರಬೆರಳು ಇಲ್ಲಿಗೆ ಬರಬೇಕು,
ನಡುಬೆರಳು ಅಷ್ಟು ದೂರ, ಕಿರುಬೆರಳು ಊರಿರಲಿ.
ನಾನೂರು ವರ್ಷದ ಹಿಂದಿನ ಒಂದು ಕೈ,
ಮೂಳೆ ಎಂದೋ ಮಣ್ಣಾದದ್ದು,
ತನ್ನ ಚಾರ್ಟು ಬಿಟ್ಟು ಹೋಗಿದೆ.
ರೋಗಿಯ ಹೆಸರಿಲ್ಲ, ತಾರೀಕಿಲ್ಲ.

ಮಾರ್ಚಿ ಕೊನೆಗೆ, ಪೂಜೆ ನಿಂತುಹೋದ ಒಂದು ಇಗರ್ಜಿಯಲ್ಲಿ
ಹತ್ತೊಂಬತ್ತು ಜನ. ಹೀಟರಿನ ಗೊರಕೆಗೆ ಲ್ಯೂಟು ಕೇಳದೆಂದು
ಹೀಟರು ಆರಿಸಿ, ಎಲ್ಲರೂ ಕೋಟಿನೊಳಗೆ.
"ಪವಾನ್" ಎಂದರು ಐವರ್. ಹೆಜ್ಜೆಯ ಕುಣಿತವಂತೆ, ನಿಧಾನದ್ದು.
ನನಗೆ ಗಾಳಿಯೇ ಕೇಳಿಸಿತು. ಕಿವಿಯ ಹಳೇ ಚಾಳಿ.

ಒಗ್ಗರಣೆಯಲ್ಲಿ ಒಂದು ಸಾಸಿವೆ ಸಿಡಿದಷ್ಟೂ ಇಲ್ಲ ಅದರ ಸದ್ದು.
ಕುರ್ಚಿಗಳು ತಾವಾಗಿ ಮುಂದೆ ಸರಿದವು.
ಹೊರಗೆ ಬಸ್ಸು ಬಂದಾಗ ನಿಲ್ಲಿಸಿದರು,
ಅದು ತಿರುವು ದಾಟುವ ತನಕ ಕಾದು,
ಬಿಟ್ಟಲ್ಲಿಂದ ಅಲ್ಲ, ಎರಡು ಹೆಜ್ಜೆ ಹಿಂದಿನಿಂದ ಹೊರಟರು.

ನಾನು ಮೊದಮೊದಲು ಡಿಗ್ರಿ ಎಣಿಸುತ್ತಿದ್ದೆ. ಮೂವತ್ತು. ಮೂವತ್ತೈದು.
ಹೆಬ್ಬೆರಳು ಅಡಿಗೆ ನುಸುಳಿತು, ಕೋಳಿಯ ರೆಕ್ಕೆಯಡಿ ಮರಿ ನುಸುಳಿದ ಹಾಗೆ.
ಆಮೇಲೆ ಲೆಕ್ಕ ತಪ್ಪಿತು.
ಒಂದು ತಗ್ಗಿನ ತಂತಿಯ ಮೇಲೆ ಅವರ ಎಡಗೈ ಬೆರಳು
ಎತ್ತದೆ ಇತ್ತು,
ಮೇಲಿನವೆಲ್ಲ ಓಡಾಡಿಕೊಂಡು ಬರುವವರೆಗೆ.
ಎಲ್ಲಿ ಇಡಬೇಕೆಂದು ಬರೆದ ಆ ಸತ್ತ ಕೈ
ಯಾವಾಗ ಎತ್ತಬೇಕೆಂದು ಬರೆದಿಲ್ಲ.

ಚಪ್ಪಾಳೆಗೆ ಕೈಗವಸು ಬಿಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ;
ಮೆತ್ತಗೆ, ದಿಂಬು ತಟ್ಟಿದಂತೆ ತಟ್ಟಿದರು.
ಐವರ್ ಎದ್ದು ಬಾಗಿದರು.
ಎಡತೋಳಿನ ಗುಂಡಿ ಬಿಚ್ಚೇ ಇತ್ತು.
"ಇದು ಇನ್ನೂ ಬರುವುದಿಲ್ಲ," ಎಂದು ತೋಳು ಮುಂದೆ ಹಿಡಿದರು.
ಹಾಕಿಕೊಟ್ಟೆ.